ಕೊಚ್ಚಿಯ ಎರಡು ರೋ-ರೋ: ಕೊಡಗಿನ ಕಾಫಿ ಲಾರಿಗೆ ಯಾವುದು ಹೊಂದುತ್ತದೆ?

ಕೊಚ್ಚಿಯಲ್ಲಿ ವಾಹನವನ್ನು ನೇರ ಹತ್ತಿಸಿಕೊಂಡು ನೀರು ದಾಟಿಸುವ ರೋ-ರೋ ದೋಣಿ ಸೇವೆ ಎರಡು ಕಡೆ ಇದೆ, ಅಲ್ಲಿಯವರ ಬಾಯಲ್ಲಿ ಅದು ಜಂಕಾರ್. ಹೆಸರು ಒಂದೇ ಆದರೂ ಕೆಲಸ ಬೇರೆ. ಕುಶಾಲನಗರದಲ್ಲಿ ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಿಂದ ಕೊಚ್ಚಿಗೆ ಲೋಡು ತರುವವರು ಈ ವ್ಯತ್ಯಾಸ ತಿಳಿಯದೆ ಹೋದರೆ ಅರ್ಧ ದಿನ ಹಾಳು.

ಫೋರ್ಟ್ ಕೊಚ್ಚಿ–ವೈಪಿನ್ ನಡುವೆ ಓಡುವುದು ಸೇತುಸಾಗರ್-1 ಮತ್ತು 2. 2018ರಲ್ಲಿ ಶುರುವಾದ ಸೇವೆ. ಒಂದು ಸಲಕ್ಕೆ 4 ಲಾರಿ, 12 ಕಾರು, 50 ಜನ ಹಿಡಿಯುತ್ತದೆ. ಕಾರು, ಬೈಕು, ಪಿಕಪ್ಪಿಗೆ ಇದು ಒಳ್ಳೆಯ ಸೇವೆ, ದಾಟಲು ಕೆಲವೇ ನಿಮಿಷ ಸಾಕು. ಕಾಫಿ ಕಂಟೇನರ್‌ಗೆ ಇದರ ಕಡೆ ತಿರುಗಲೇಬೇಡಿ.

ಕಾರಣ ತೂಕ. 20 ಅಡಿ ಕಂಟೇನರಿನಲ್ಲಿ 60 ಕಿಲೋದ 320 ಚೀಲ, ಅಂದರೆ 19.2 ಟನ್ ಕಾಫಿ. ಪೆಟ್ಟಿಗೆ, ಟ್ರೇಲರ್ ಸೇರಿಸಿದರೆ 35 ಟನ್ನಿನ ಹತ್ತಿರ. ಅದು ಡೆಕ್ಕಿನಲ್ಲಿ ಮೂರು ಕಾರಿನ ಜಾಗ ಹಿಡಿದು 25 ಕಾರಿಗೂ ಮಿಕ್ಕ ತೂಕ ಹೇರುತ್ತದೆ. ಲಾರಿ ಹೆಚ್ಚಿರುವ ದಾರಿಗೆ ದೋಣಿ ಆರಿಸುವಾಗ ಎಷ್ಟು ಕಾರು ಹಿಡಿಯುತ್ತದೆ ಎಂಬ ಲೆಕ್ಕ ಏನನ್ನೂ ಹೇಳುವುದಿಲ್ಲ. ಒಂದು ಆಕ್ಸಲ್ ಜೋಡಿಯ 21 ಟನ್ನನ್ನು ಡೆಕ್ಕೂ ರ‍್ಯಾಂಪೂ ತಡೆಯುತ್ತವೆಯೇ ಎಂಬುದೇ ಮುಖ್ಯ.

ಆ ಲೆಕ್ಕಕ್ಕೆ ಹೊಂದುವುದು ಬೋಳ್ಗಾಟಿ–ವಿಲ್ಲಿಂಗ್ಡನ್ ದ್ವೀಪದ ಸೇವೆ. ಬೋಳ್ಗಾಟಿ ಇರುವುದು ವಲ್ಲಾರ್ಪಾಡಂ ಕಂಟೇನರ್ ಟರ್ಮಿನಲ್ಲಿನ ಕಡೆ. 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಇದರ ಎರಡು ದೋಣಿಗಳು ತಲಾ 20 ಅಡಿಯ 6 ಲಾರಿ, 40 ಅಡಿಯ 3 ಟ್ರೇಲರ್, 30 ಜನರಿಗೆಂದೇ ಮಾಡಿದವು. ರಸ್ತೆಯಲ್ಲಿ ಸುಮಾರು 30 ಕಿ.ಮೀ. ಸುತ್ತುವ ಬದಲು ನೀರಿನಲ್ಲಿ 3.5 ಕಿ.ಮೀ. ಬೆಳಿಗ್ಗೆ, ಸಂಜೆ ನಗರದೊಳಗೆ ಭಾರಿ ವಾಹನಕ್ಕೆ ತಡೆ ಇರುವ ಹೊತ್ತಿನಲ್ಲಿ ಈ ಉಳಿತಾಯ ದೊಡ್ಡದು.

ಆದರೆ ಹೊತ್ತು ತಿನ್ನುವುದು ನೀರಲ್ಲ, ದಡ. ಗಂಟೆಗೆ 11 ಕಿ.ಮೀ. ವೇಗದಲ್ಲಿ ದಾಟಲು 20 ನಿಮಿಷ, ಪ್ರತಿ ದಡದಲ್ಲೂ ಇಳಿಸಿ ಹತ್ತಿಸಲು ಇನ್ನೊಂದು 20 ಎಂದಿಟ್ಟುಕೊಳ್ಳಿ. ಒಂದು ಸುತ್ತು 80 ನಿಮಿಷ. ಎರಡೂ ದೋಣಿ ಓಡಿದರೆ ಒಂದು ದಿಕ್ಕಿಗೆ ಗಂಟೆಗೆ 9 ಲಾರಿ, 40 ಅಡಿಯದಾದರೆ ಅರ್ಧ. ಒಂದು ದುರಸ್ತಿಗೆ ಹೋದರೆ ಅದೂ ಅರ್ಧ. ಆದ್ದರಿಂದ ಘಟ್ಟ ಇಳಿಯುವ ಮುಂಚೆಯೇ ಫೋನ್ ಮಾಡಿ, ಅಂದು ಸೇವೆ ಇದೆಯೇ, ಎಷ್ಟು ದೋಣಿ ಓಡುತ್ತಿವೆ ಎಂದು ಕೇಳಿಕೊಳ್ಳಿ. ಮಳೆಗಾಲವಾದರೆ ಕೊಡಗಿನಿಂದ ಕೇರಳಕ್ಕಿಳಿಯುವ ಮಾಕುಟ್ಟ ಘಟ್ಟದ ರಸ್ತೆಯಲ್ಲಿ ಭಾರಿ ವಾಹನ ಬಿಡುತ್ತಿದ್ದಾರೆಯೇ ಎಂಬುದನ್ನೂ.

ಹತ್ತುವಾಗ ಉಬ್ಬರ ಇಳಿತ ನೋಡಿ. ನೀರು ಇಳಿದಾಗ ರ‍್ಯಾಂಪಿನ ಇಳಿಜಾರು ಕಡಿದಾಗಿ, ಉದ್ದದ ಟ್ರೇಲರಿನ ಹಿಂಬದಿ ನೆಲ ಉಜ್ಜುತ್ತದೆ. ಅಂಥ ಹೊತ್ತಿನಲ್ಲಿ ಒಂದು ಟ್ರಿಪ್ಪು ಬಿಟ್ಟು ಕಾಯುವುದೇ ಲೇಸು. ಭಾರದ ಲಾರಿ ಡೆಕ್ಕಿನ ನಡುಗೆರೆಯ ಮೇಲೆ ನಿಲ್ಲಬೇಕು, ಒಂದು ಮಗ್ಗುಲಿಗೆ ಎರಡು ತುಂಬಿದ ಲಾರಿ, ಇನ್ನೊಂದಕ್ಕೆ ಖಾಲಿ ಬಿದ್ದರೆ ದೋಣಿ ವಾಲುತ್ತದೆ. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಮರದ ತುಂಡು ಕೊಡಿಸಿ. ಡೆಕ್ಕಿನವರು ಮರೆತರೆ ನೀವೇ ಕೇಳಿ.

ಕಾಫಿಗೆ ಇನ್ನೊಂದು ಚಿಂತೆ ತೇವ. ಬಿಸಿಲಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಂತ ಕಂಟೇನರ್ ರಾತ್ರಿ ತಣ್ಣಗಾದಾಗ ಒಳಚಾವಣಿ ಬೆವರಿ ಮೇಲಿನ ಚೀಲಗಳಿಗೆ ಹನಿಯುತ್ತದೆ. ಗೋಡೆಗೂ ಮೇಲ್ಪದರಕ್ಕೂ ಕ್ರಾಫ್ಟ್ ಕಾಗದ ಹಾಸದೆ ಲೋಡು ಕಳಿಸಬೇಡಿ.

ಇಷ್ಟಾದರೂ ಎಲ್ಲ ಲಾರಿಗೂ ದೋಣಿ ಬೇಕಿಲ್ಲ. ಕುಶಾಲನಗರದಲ್ಲೇ ಕಂಟೇನರ್ ತುಂಬಿ ಸೀಲ್ ಆಗಿದ್ದರೆ ಕಳಮಶ್ಶೇರಿಯಿಂದ ಕಂಟೇನರ್ ರಸ್ತೆ ಹಿಡಿದು ನೇರ ವಲ್ಲಾರ್ಪಾಡಂ ಟರ್ಮಿನಲ್ ಸೇರಬಹುದು. ಚೀಲದ ಲೋಡು ವಿಲ್ಲಿಂಗ್ಡನ್ ದ್ವೀಪದ ಗೋದಾಮಿನಲ್ಲಿ ಕಂಟೇನರಿಗೆ ತುಂಬಿ ಅಲ್ಲಿಂದ ವಲ್ಲಾರ್ಪಾಡಂಗೆ ಹೋಗಬೇಕಾದಾಗ ಬೋಳ್ಗಾಟಿ ರೋ-ರೋ ಕೊಟ್ಟ ಹಣಕ್ಕೆ ತಕ್ಕ ಸೇವೆ.