ಮಗುವಿನ ಮೊದಲ ಫೋನಿಗೆ ಫ್ಯಾಮಿಲಿ ಲಿಂಕ್: ಮುಂಬಾಗಿಲು ಭದ್ರ, ಹಿತ್ತಿಲ ಬಾಗಿಲು ನೋಡಿಕೊಳ್ಳಿ

ದಾವಣಗೆರೆಯ ನಿಟುವಳ್ಳಿಯಿಂದ ವಿದ್ಯಾನಗರದ ಟ್ಯೂಷನ್ನಿಗೆ ಒಬ್ಬರೇ ಹೋಗಿ ಬರುವ ವಯಸ್ಸಾಯಿತೆಂದರೆ ಮಕ್ಕಳ ಕೈಗೆ ಫೋನು ಬಂದೇ ಬರುತ್ತದೆ. ಬಹಳಷ್ಟು ಮನೆಗಳಲ್ಲಿ ಅದು ಅಪ್ಪನದೋ ಅಮ್ಮನದೋ ಹಳೇ ಆಂಡ್ರಾಯ್ಡ್. ಅದಕ್ಕೆ ಬೇಲಿ ಹಾಕಬೇಕೆಂದರೆ ಮೊದಲು ನೋಡಬೇಕಾದ್ದು ಗೂಗಲ್ ಫ್ಯಾಮಿಲಿ ಲಿಂಕ್, ಹೆತ್ತವರು ತಮ್ಮ ಫೋನಿನಿಂದಲೇ ಮಗುವಿನ ಫೋನನ್ನು ಹತೋಟಿಯಲ್ಲಿಡುವ ಆ್ಯಪ್. ಪುಕ್ಕಟೆ ಸಿಗುತ್ತದೆ, ಮಗುವಿನ ಫೋನಿನಲ್ಲಿ ಆಂಡ್ರಾಯ್ಡ್ 7 ಅಥವಾ ಅದಕ್ಕಿಂತ ಹೊಸದು ಇದ್ದರೆ ಸಾಕು, ಹೆತ್ತವರದು ಐಫೋನ್ ಆದರೂ ನಡೆಯುತ್ತದೆ. (ಮಗುವಿಗೇ ಐಫೋನ್ ಕೊಡಿಸುವವರಿಗೆ ಇದರ ಗೊಡವೆ ಬೇಡ, ಅದರೊಳಗೇ ಇಂಥದ್ದೇ ಕೆಲಸ ಮಾಡುವ ಸ್ಕ್ರೀನ್ ಟೈಮ್ ಇದೆ.)

ಕೆಲಸ ಕೆಡುವುದು ಹೆಚ್ಚಾಗಿ ಖಾತೆ ತೆರೆಯುವಾಗಲೇ. ಮೊಬೈಲ್ ಅಂಗಡಿಯಲ್ಲಿ "ಒಂದು ಜಿಮೇಲ್ ಮಾಡಿಕೊಡ್ರಿ" ಅಂದರೆ, ಬೇಗ ಮುಗಿಯಲೆಂದು ಕೈಗೆ ಬಂದ ಹುಟ್ಟಿದ ವರ್ಷ ಒತ್ತಿಬಿಡುತ್ತಾರೆ. 1995 ಅಂತ ಒತ್ತಿದರೆ ಐದನೇ ಕ್ಲಾಸಿನ ಮಗು ಗೂಗಲ್ ಲೆಕ್ಕದಲ್ಲಿ ಮೂವತ್ತು ದಾಟಿದ ಮನುಷ್ಯ. ಯೂಟ್ಯೂಬೂ ಪ್ಲೇಸ್ಟೋರೂ ಹಾಗೆಯೇ ನಡೆಸಿಕೊಳ್ಳುತ್ತವೆ. ಅದಕ್ಕೇ ಕ್ರಮ ಹೀಗಿರಲಿ: ಹಳೇ ಫೋನಿನ ಫೋಟೊ, ನಂಬರುಗಳನ್ನು ತೆಗೆದಿಟ್ಟುಕೊಂಡು, ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಗೂಗಲ್ ಖಾತೆಯನ್ನು ತೆಗೆದುಹಾಕಿ, ಆಮೇಲೆ ಫ್ಯಾಕ್ಟರಿ ರೀಸೆಟ್, ಅಂದರೆ ಎಲ್ಲ ಅಳಿಸಿ ಫೋನನ್ನು ಹೊಸದರಂತೆ ಮಾಡುವುದು. ಖಾತೆ ತೆಗೆಯದೆ ಬಟನ್ ಒತ್ತಿ ರೀಸೆಟ್ ಮಾಡಿದರೆ ಫೋನು ಹಳೇ ಪಾಸ್‌ವರ್ಡ್ ಕೇಳಿಕೊಂಡು ಕೂರುತ್ತದೆ. ಮತ್ತೆ ಚಾಲೂ ಆದಾಗ ಮಗುವಿನ ಖಾತೆಯೊಂದನ್ನೇ ಹಾಕಿ, ಅಸಲಿ ಜನ್ಮದಿನಾಂಕದೊಂದಿಗೆ. ಬ್ಯಾಂಕಿಗೆ ಜೋಡಿಸಿದ ಹಳೇ ಸಿಮ್ ಮಾತ್ರ ಅದರಲ್ಲಿ ಇರಕೂಡದು. ನಿಮ್ಮ ಒಟಿಪಿಗಳೆಲ್ಲ ಆಟವಾಡುವ ಮಗುವಿನ ಕೈಯಲ್ಲಿ ಬಂದು ಬೀಳುತ್ತವೆ.

ಹೊತ್ತಿನ ಲೆಕ್ಕ ಇಡುವುದರಲ್ಲಿ ಆ್ಯಪ್ ಗಟ್ಟಿ. ದಿನಕ್ಕೆ ಒಂದು ಗಂಟೆ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್ ಅಂತ ಇಟ್ಟರೆ ಹೊತ್ತಾದ ಕೂಡಲೇ ಫೋನು ಲಾಕ್ ಆಗುತ್ತದೆ. ಲಾಕ್ ಆದರೂ ಬಂದ ಕರೆ ಎತ್ತಬಹುದು. ದೀಕ್ಷಾದಂಥ ಪಾಠದ ಆ್ಯಪ್‌ಗೆ ಮಿತಿಯೇ ಇಲ್ಲದ ಹಾಗೆ 'ಸದಾ ಅನುಮತಿ' ಕೊಡಬಹುದು. ಆದರೆ ಮಿತಿ ಒಂದೊಂದು ಸಾಧನಕ್ಕೂ ಬೇರೆ ಬೇರೆ: ಫೋನಿಗೆ ಒಂದು ಗಂಟೆ ಮುಗಿದ ಮೇಲೆ ಟ್ಯಾಬ್‌ನಲ್ಲಿ ಇನ್ನೊಂದು ಗಂಟೆ ಬಾಕಿ ಇರುತ್ತದೆ, ಮಕ್ಕಳಿಗೆ ಇದು ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಇನ್ನೊಂದು, ಮಗುವಿನ ಫೋನಿನಲ್ಲಿ ನೆಟ್ ಇಲ್ಲದಿದ್ದರೆ ನೀವು ಮಂಡಿಪೇಟೆಯ ಅಂಗಡಿಯಲ್ಲಿ ಕೂತು ಒತ್ತಿದ 'ಲಾಕ್' ಅಲ್ಲಿಗೆ ತಲುಪುವುದಿಲ್ಲ, ಲೊಕೇಶನ್ ಕೂಡ ಹೊಸದಾಗುವುದಿಲ್ಲ. ನೆಟ್ ಇಲ್ಲದಾಗ ಲಾಕ್ ಬಿಡಿಸಬೇಕಾದರೆ ಹೆತ್ತವರ ಆ್ಯಪ್‌ನಲ್ಲಿ ಸಿಗುವ ಪೇರೆಂಟ್ ಕೋಡ್ ಅನ್ನು ಕರೆಯಲ್ಲೇ ಮಗುವಿಗೆ ಹೇಳಿ ಒತ್ತಿಸಿದರಾಯಿತು.

ಈಗ ಹಿತ್ತಿಲ ಬಾಗಿಲು. ಕೆಟ್ಟ ಪುಟ ತಡೆಯುವ ಜರಡಿ ಇರುವುದು ಕ್ರೋಮ್‌ನಲ್ಲಿ ಮಾತ್ರ. ಅಗ್ಗದ ಫೋನುಗಳಲ್ಲಿ ಕಂಪನಿಯದೇ ಇನ್ನೊಂದು ಬ್ರೌಸರ್, ಕಂಪನಿಯದೇ ಇನ್ನೊಂದು ಆ್ಯಪ್ ಅಂಗಡಿ ಕೂತಿರುತ್ತವೆ. ಪ್ಲೇಸ್ಟೋರಿನಲ್ಲಿ ಗೇಮ್ ಹಾಕಲು ನಿಮ್ಮ ಒಪ್ಪಿಗೆ ಕೇಳುವ ಫೋನು ಆ ಅಂಗಡಿಯಿಂದ ಕೇಳದೆಯೇ ಇಳಿಸಿಕೊಂಡೀತು. ಫ್ಯಾಮಿಲಿ ಲಿಂಕ್‌ನ ಆ್ಯಪ್ ಪಟ್ಟಿಯಲ್ಲಿ ಇವೆರಡನ್ನೂ ಹುಡುಕಿ ಬ್ಲಾಕ್ ಮಾಡಿ. ಬ್ಲಾಕ್ ಆಗದ ಸಿಸ್ಟಂ ಆ್ಯಪ್ ಇದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಡಿಸೇಬಲ್ ಮಾಡಲು ನೋಡಿ. ಅಪರಿಚಿತ ಮೂಲದ ಆ್ಯಪ್, ಹೊಸ ಯೂಸರ್ ಸೇರಿಸುವುದು, ಡೆವಲಪರ್ ಆಪ್ಷನ್ ಈ ಮೂರೂ ಫ್ಯಾಮಿಲಿ ಲಿಂಕ್‌ನ ಸಾಧನದ ಸೆಟ್ಟಿಂಗ್ಸ್‌ನಲ್ಲಿ ಆಫ್ ಇರಲಿ. ಒಮ್ಮೆ ಒಪ್ಪಿದ ಆ್ಯಪ್ಪನ್ನು ಅಳಿಸಿ ಮತ್ತೆ ಹಾಕಿಕೊಂಡರೆ ಎರಡನೇ ಸಲ ಒಪ್ಪಿಗೆ ಕೇಳುವುದಿಲ್ಲ. ಹಾಗಾಗಿ ಬೇಡವಾದದ್ದನ್ನು ಅಳಿಸಿದರೆ ಸಾಲದು, ಬ್ಲಾಕ್ ಮಾಡಬೇಕು. ಕೆಲವು ಫೋನುಗಳ ಬ್ಯಾಟರಿ ಉಳಿತಾಯ ಹಿನ್ನೆಲೆಯ ಆ್ಯಪ್‌ಗಳನ್ನು ಕೊಲ್ಲುತ್ತದೆ. ಫ್ಯಾಮಿಲಿ ಲಿಂಕ್‌ಗೆ ಆಟೊಸ್ಟಾರ್ಟ್ ಆನ್ ಮಾಡಿ, ಬ್ಯಾಟರಿ ನಿರ್ಬಂಧ ತೆಗೆಯಿರಿ.

ಮನೆಯಲ್ಲಿ ವೈಫೈ ಇದ್ದವರು ರೂಟರಿನ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗದಲ್ಲಿ 1.1.1.3 ಮತ್ತು 1.0.0.3 ತುಂಬಿದರೆ ಸಾಮಾನ್ಯವಾಗಿ ಯಾವ ಬ್ರೌಸರ್ ತೆರೆದರೂ ವಯಸ್ಕರ ತಾಣಗಳಿಗೆ ತಡೆ ಬೀಳುತ್ತದೆ. ಕ್ಲೌಡ್‌ಫ್ಲೇರ್‌ನ ಉಚಿತ ಸೇವೆ ಇದು. ಸಿಮ್ ಡೇಟಾಕ್ಕೆ ಮಾತ್ರ ಅನ್ವಯಿಸದು.

ವಾಟ್ಸಾಪ್‌ನ ಒಳಗೆ ಏನು ಬರುತ್ತಿದೆ, ಯಾರ ಜೊತೆ ಮಾತು ಅನ್ನುವುದು ಫ್ಯಾಮಿಲಿ ಲಿಂಕ್‌ಗೆ ಕಾಣುವುದೇ ಇಲ್ಲ. ವಾಟ್ಸಾಪ್‌ನ ಕನಿಷ್ಠ ವಯಸ್ಸು 13. ಹೋಂವರ್ಕ್ ಗ್ರೂಪು ಹೆತ್ತವರ ಫೋನಿನಲ್ಲೇ ಇದ್ದರೆ ಯಾರಿಗೂ ನಷ್ಟವಿಲ್ಲ. ಯೂಟ್ಯೂಬಿಗೆ ಚಿಕ್ಕವರಿದ್ದರೆ ಯೂಟ್ಯೂಬ್ ಕಿಡ್ಸ್, 9 ವರ್ಷ ದಾಟಿದ್ದರೆ ಹೆತ್ತವರ ಮೇಲ್ವಿಚಾರಣೆಯ ಯೂಟ್ಯೂಬಿನ 'ಎಕ್ಸ್‌ಪ್ಲೋರ್' ಹಂತ ಸಾಕು.

ಕೈಗೆ ಕೊಡುವ ಮುಂಚೆ ಹತ್ತು ನಿಮಿಷ ನೀವೇ ಮಗುವಿನಂತೆ ಕಿತಾಪತಿ ಮಾಡಿ ನೋಡಿ: ಕಂಪನಿಯ ಬ್ರೌಸರ್ ತೆರೆಯಿರಿ, ಅದರ ಅಂಗಡಿಯಿಂದ ಒಂದು ಗೇಮ್ ಇಳಿಸಿ, ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದು ಜಿಮೇಲ್ ಸೇರಿಸಿ. ಮೂರರಲ್ಲಿ ಒಂದು ಸಾಧ್ಯವಾದರೂ ಫೋನು ಆವತ್ತು ನಿಮ್ಮ ಹತ್ತಿರವೇ ಇರಲಿ.