ಮತದಾರರ ದಿನಕ್ಕೆ ಯಾವ ವ್ಯಂಗ್ಯಚಿತ್ರ: 1812ರದೋ, 1871ರದೋ?

ಜನವರಿ 25ರ ರಾಷ್ಟ್ರೀಯ ಮತದಾರರ ದಿನಕ್ಕೆ ಚಿಕ್ಕಬಳ್ಳಾಪುರದ ಕಡೆಯ ಹೈಸ್ಕೂಲಿನಲ್ಲಿ ಒಂದೇ ಒಂದು ಹಳೆಯ ವ್ಯಂಗ್ಯಚಿತ್ರ ಹಾಕುವುದಾದರೆ ನನ್ನ ಆಯ್ಕೆ ‘ಗೆರಿಮ್ಯಾಂಡರ್’.

1812ರ ಮಾರ್ಚ್‌ನಲ್ಲಿ ಅಮೆರಿಕದ ‘ಬಾಸ್ಟನ್ ಗೆಜೆಟ್’ ಪತ್ರಿಕೆಯಲ್ಲಿ ಅಚ್ಚಾದ ಚಿತ್ರವಿದು. ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಡ್ಜ್ ಗೆರಿ ಸಹಿ ಹಾಕಿದ ಕಾಯ್ದೆ, ಅವರ ಪಕ್ಷಕ್ಕೆ ಅನುಕೂಲವಾಗುವಂತೆ ರಾಜ್ಯ ಸೆನೆಟ್ (ಶಾಸನಸಭೆಯ ಮೇಲ್ಮನೆ) ಕ್ಷೇತ್ರಗಳ ಗಡಿ ತಿದ್ದಿತ್ತು. ಎಸೆಕ್ಸ್ ಕೌಂಟಿಯ ಅಂಕುಡೊಂಕು ಕ್ಷೇತ್ರಕ್ಕೆ ಕಲಾವಿದ ರೆಕ್ಕೆ, ಉಗುರು, ಬಾಯಿ ಬರೆದ. ನಕಾಶೆಯೇ ವಿಕಾರ ಪ್ರಾಣಿಯಾಯಿತು: ಗೆರಿ ಮತ್ತು ಸ್ಯಾಲಮ್ಯಾಂಡರ್ (ಹಲ್ಲಿಯಂಥ ಪ್ರಾಣಿ) ಸೇರಿ ‘ಗೆರಿಮ್ಯಾಂಡರ್’. ಓದು ಬಾರದವರಿಗೂ ಅರ್ಥವಾಗುತ್ತದೆ. ಪಕ್ಕದಲ್ಲಿ ನಮ್ಮ ಲೋಕಸಭಾ ಕ್ಷೇತ್ರದ ನಕಾಶೆ ಇಡಿ: ಶಿಡ್ಲಘಟ್ಟ, ಚಿಂತಾಮಣಿ ನಮ್ಮ ಜಿಲ್ಲೆಯವಾದರೂ ಕೋಲಾರ ಕ್ಷೇತ್ರಕ್ಕೆ ಸೇರಿವೆ, ದೂರದ ನೆಲಮಂಗಲ, ಯಲಹಂಕ ನಮ್ಮಲ್ಲಿವೆ. ಆದರೆ ಇಲ್ಲಿ ಗೆರೆ ಎಳೆದದ್ದು ಆಳುವ ಪಕ್ಷವಲ್ಲ, ಕ್ಷೇತ್ರ ಮರುವಿಂಗಡಣಾ ಆಯೋಗ. ಈ ವ್ಯತ್ಯಾಸ ಹೇಳಲೇಬೇಕು. ಇಲ್ಲದಿದ್ದರೆ ಮಕ್ಕಳು ತಪ್ಪು ತಿಳಿದುಕೊಂಡಾರು.

ಅಮೆರಿಕದ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ 1871ರಲ್ಲಿ ‘ಹಾರ್ಪರ್ಸ್ ವೀಕ್ಲಿ’ ವಾರಪತ್ರಿಕೆಗೆ ಬರೆದದ್ದು ಇನ್ನೂ ಕಟು. ನ್ಯೂಯಾರ್ಕಿನ ರಾಜಕೀಯವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಭ್ರಷ್ಟ ನಾಯಕ ಬಾಸ್ ಟ್ವೀಡ್ ಮತಪೆಟ್ಟಿಗೆಗೆ ಒರಗಿ ನಿಂತು, ಎಣಿಸುವವನು ನಾನಿರುವಾಗ ನೀವೇನು ಮಾಡುತ್ತೀರಿ ಎನ್ನುತ್ತಾನೆ. ಟ್ವೀಡ್ ಯಾರೆಂದು ಮೊದಲು ವಿವರಿಸಬೇಕು, ಅಡಿಬರಹವನ್ನೂ ಕನ್ನಡದಲ್ಲಿ ಬರೆದು ಅಂಟಿಸಬೇಕು. ಪಿಯುಸಿಯವರಿಗಾದರೆ ಇದೇ ಮೇಲು: ಎಣಿಕೆ ಕೇಂದ್ರದಲ್ಲಿ ಏಜೆಂಟರು ಯಾಕೆ ಕೂರುತ್ತಾರೆ ಎಂಬ ಚರ್ಚೆ ತಾನಾಗಿ ಶುರುವಾಗುತ್ತದೆ.

ಹಳೆಯ ಚುನಾವಣಾ ವ್ಯವಸ್ಥೆಯನ್ನು ಕೊಳೆತ ಮರವಾಗಿ ತೋರಿಸುವ 1831ರ ಬ್ರಿಟನ್ನಿನ ಚಿತ್ರವೂ ಚೆನ್ನ. ಆದರೆ ಅದರಲ್ಲಿ ಬರಹ ಜಾಸ್ತಿ. ಗೋಡೆಗಿಂತ ಮೇಜಿನ ಮೇಲಿಟ್ಟು ಹತ್ತಿರದಿಂದ ನೋಡುವುದಕ್ಕೆ ಸರಿ.