ಐದು ಗಂಟೆಗೆ ಬಾಗಿಲು ಹಾಕುವ ಸಮಾಲೋಚನಾ ಕೇಂದ್ರ

ದಾವಣಗೆರೆಯ ವಿದ್ಯಾನಗರದ ಕಡೆ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಡೆಯುವ ಆಪ್ತ ಸಮಾಲೋಚನಾ ಕೇಂದ್ರಕ್ಕೆ ಹದಿನಾಲ್ಕು ತಿಂಗಳಿಂದ ನಮ್ಮಣ್ಣನ ಜೊತೆ ಹೋಗಿ ಬರುತ್ತಿದ್ದೇನೆ. ಅಣ್ಣನದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ವ್ಯಾಪಾರ, ಕುಡಿತ ಹದಿನೆಂಟು ವರ್ಷದ್ದು. ಕೇಂದ್ರದ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ಎದುರಾದವರನ್ನು ಹೊರಗೆ ಕಂಡಾಗ ಗುರುತು ಹಿಡಿದು ಮಾತನಾಡಿಸಬಾರದೆಂಬ ಷರತ್ತಿಗೆ ನಾವೆಲ್ಲ ಒಪ್ಪಿದ್ದೇವೆ, ಹೆಸರು ಹೇಳಿದರೆ ಈ ಊರಿನಲ್ಲಿ ಉಳಿದದ್ದನ್ನು ಜನರೇ ಕೂಡಿಸಿಕೊಳ್ಳುತ್ತಾರೆ.

ಇದಕ್ಕೂ ಮೊದಲು, ಬೇರೆ ಊರಿನ ಖಾಸಗಿ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಅಣ್ಣನನ್ನು ಮೂರು ತಿಂಗಳು ಇರಿಸಿದ್ದೆವು. ಮೊದಲ ತಿಂಗಳು ಫೋನಿನಲ್ಲಿಯೂ ಮಾತನಾಡಲು ಬಿಡಲಿಲ್ಲ. ಕುಡಿತ ನಿಂತ ಮೂರನೆಯ ರಾತ್ರಿ ಅವನು ಗೋಡೆಯ ಮೇಲೆ ಇರುವೆ ಸಾಲು ಹರಿಯುತ್ತಿದೆಯೆಂದು ಅಂಗೈಯಿಂದ ಒರೆಸುತ್ತ ನಿಂತಿದ್ದನೆಂಬುದು, ವೈದ್ಯರನ್ನು ಕರೆಸುವ ಬದಲು ಅವನ ಕೈಗಳನ್ನು ಮಂಚಕ್ಕೆ ಕಟ್ಟಿದ್ದರೆಂಬುದು ನಮಗೆ ತಿಳಿದದ್ದು ಮನೆಗೆ ಬಂದ ಮೇಲೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮದ್ಯವ್ಯಸನಿಗೂ ಅನ್ವಯಿಸುತ್ತದೆ, ದಾಖಲಾದವರಿಗೆ ಮನೆಯವರನ್ನು ನೋಡುವ, ಫೋನಿನಲ್ಲಿ ಮಾತನಾಡುವ ಹಕ್ಕನ್ನು ಕೊಡುತ್ತದೆ ಎಂಬುದು ಆಗ ನನಗೆ ಗೊತ್ತಿದ್ದರೆ ಅವರೆದುರು ಅಷ್ಟು ಕೈಮುಗಿದು ನಿಲ್ಲುತ್ತಿರಲಿಲ್ಲ. ಮನೆಗೆ ಬಂದ ಹನ್ನೊಂದನೆಯ ದಿನ ಅಣ್ಣ ಮತ್ತೆ ಕುಡಿದ.

ಹೀಗೆ ಸುಟ್ಟುಕೊಂಡಿದ್ದವರಿಗೆ ವಿದ್ಯಾನಗರದ ಕೇಂದ್ರದಲ್ಲಿ ಮೊದಲು ಹಿಡಿಸಿದ್ದು, ಅವರು ಮೊದಲ ದಿನ ಸಮಾಲೋಚನೆಯನ್ನೇ ಆರಂಭಿಸದೆ ಇದ್ದದ್ದು. ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ಕೇಳಿದ ಸಮಾಲೋಚಕಿ, ಇರುವೆಗಳ ಸಂಗತಿ ಕೇಳಿದ ಕೂಡಲೇ ಪೆನ್ನು ಕೆಳಗಿಟ್ಟು, ಮೊದಲು ಮನೋವೈದ್ಯರ ಬಳಿ ಹೋಗಿ ಬನ್ನಿ ಎಂದು ಚೀಟಿ ಬರೆದುಕೊಟ್ಟರು. ಅನೇಕ ವರ್ಷ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಆರೇಳು ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗಬಹುದು, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದಲ್ಲಿ ಕೆಲವರಿಗೆ ಸನ್ನಿ ಹಿಡಿದು ಪ್ರಾಣಕ್ಕೂ ಅಪಾಯವಾಗಬಹುದು ಎಂದು ಅತ್ತಿಗೆಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿದರು. ಅಣ್ಣ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಥಯಮಿನ್ ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್, ನಡುಕ ತಗ್ಗಿಸುವ ಮಾತ್ರೆ, ದಿನದಿನಕ್ಕೆ ಇಳಿಸಿದ ಪ್ರಮಾಣ. ಈ ಸಲ ಗೋಡೆಯ ಮೇಲೆ ಇರುವೆ ಹರಿಯಲಿಲ್ಲ.

ಸಮಾಲೋಚನೆ ಎಂದರೆ ಬುದ್ಧಿವಾದವೆಂದು ನಾನು ತಿಳಿದಿದ್ದೆ. ಬುದ್ಧಿವಾದವಾಗಿದ್ದರೆ ನಮ್ಮಜ್ಜಿಯೇ ಸಾಕಿತ್ತು. ಇಲ್ಲಿ ಅಣ್ಣನ ಕೈಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ಕೊಟ್ಟು, ಕುಡಿಯಬೇಕೆನ್ನಿಸಿದ ಹೊತ್ತು, ಆಗ ಎಲ್ಲಿದ್ದೆ, ಜೊತೆಗೆ ಯಾರಿದ್ದರು, ಹೊಟ್ಟೆಯಲ್ಲಿ ಏನಿತ್ತು ಎಂಬಷ್ಟನ್ನೇ ಬರೆಯಲು ಹೇಳಿದರು. ದಲಾಲಿಯವನಿಗೆ ಲೆಕ್ಕ ಬರೆಯುವುದು ಕಷ್ಟವೇ? ಮೂರು ವಾರದಲ್ಲಿ ಪುಸ್ತಕವೇ ಸಾಕ್ಷಿ ಹೇಳಿತು: ಬರೆದ ನಲವತ್ತೊಂದು ಸಲದಲ್ಲಿ ಮೂವತ್ತಮೂರು ಸಲ ಸಂಜೆ ಆರರಿಂದ ಎಂಟರ ನಡುವೆ, ಲಾರಿ ತುಂಬಿಸಿ ಹಮಾಲರ ಕೂಲಿ ಕೊಟ್ಟ ಮೇಲೆ, ಮಧ್ಯಾಹ್ನದ ಊಟ ತಪ್ಪಿದ ದಿನಗಳಲ್ಲಿ. ಕೂಲಿ ಬಟವಾಡೆಯನ್ನು ಗುಮಾಸ್ತನಿಗೆ ವಹಿಸಿ, ಐದಕ್ಕೇ ಹೊಟ್ಟೆತುಂಬ ಮಂಡಕ್ಕಿ-ಮಿರ್ಚಿ ತಿಂದು, ಎಣ್ಣೆ ಅಂಗಡಿಗಳಿಲ್ಲದ ಹಿಂದಿನ ರಸ್ತೆಯಿಂದ ಮನೆಗೆ ಬರುವುದು ಅಣ್ಣನೇ ಹುಡುಕಿಕೊಂಡ ದಾರಿ. ಸಮಾಲೋಚಕಿ ಹೌದೆಂದು ತಲೆಯಾಡಿಸಿದ್ದಷ್ಟೇ.

ಮಾತ್ರೆಯ ವಿಷಯದಲ್ಲಿಯೂ ಇವರ ಖಚಿತತೆಯನ್ನು ಮೆಚ್ಚಬೇಕು. ಕುಡಿಯುವವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡಿ ಎಂದು ಪುಡಿ ಮಾರುವವರಿಗೆ ನಮ್ಮ ಕಡೆ ಬರವಿಲ್ಲ, ಅತ್ತಿಗೆಯೂ ಒಮ್ಮೆ ತಂದಿದ್ದರು. ವೈದ್ಯರು ಬರೆಯುವ ಡೈಸಲ್ಫಿರಾಮ್ ಮಾತ್ರೆ ಮದ್ಯವು ದೇಹದಲ್ಲಿ ಕರಗುವ ಹಾದಿಯನ್ನು ನಡುವೆಯೇ ತಡೆಯುತ್ತದೆ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು ರಕ್ತದೊತ್ತಡ ಕುಸಿಯುತ್ತದೆ, ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಆ ಅಪಾಯ ಉಳಿಯಬಹುದು. ಆದ್ದರಿಂದ ತಿಳಿಯದವನಿಗೆ ಅದನ್ನು ಕೊಡುವುದು ವಿಷವಿಕ್ಕಿದಂತೆ ಎಂದು ಅತ್ತಿಗೆಗೆ ಕಟುವಾಗಿಯೇ ಹೇಳಿದರು. ಆದರೆ ಅದೇ ಅತ್ತಿಗೆಗೆ ಪ್ರತ್ಯೇಕವಾಗಿ ಎಂಟು ಭೇಟಿ ಕೊಟ್ಟರು, ಅದಕ್ಕೆ ಹಣ ಪಡೆಯಲಿಲ್ಲ. ರಾತ್ರಿ ಅಣ್ಣನ ಬಾಯಿ ಮೂಸಿ ನೋಡುವುದನ್ನು ಅತ್ತಿಗೆ ಬಿಟ್ಟದ್ದು ಐದನೆಯ ಭೇಟಿಯ ನಂತರ. ನನ್ನ ಲೆಕ್ಕದಲ್ಲಿ ಮನೆ ಮನೆಯಾದದ್ದು ಅಂದಿನಿಂದ.

ದುಗ್ಗಮ್ಮನ ಜಾತ್ರೆಯ ಬಾಡೂಟಕ್ಕೆ ನೆಂಟರು ಸೇರಿದಾಗ ಅಣ್ಣ ಒಮ್ಮೆ ಜಾರಿದ. ಮಾರನೆಯ ದಿನ ಬೆಳಿಗ್ಗೆ, ಬೈಸಿಕೊಳ್ಳಲು ಸಿದ್ಧವಾಗಿ ಹೋದ ಅಣ್ಣನಿಗೆ ಸಮಾಲೋಚಕಿ, “ಅಣ್ಣಾರೆ, ಪುಸ್ತಕ ತಂದೀರೇನು? ಮಧ್ಯಾಹ್ನದಿಂದ ಹೇಳ್ರಿ” ಎಂದಷ್ಟೇ ಅಂದರು.

ಇನ್ನು ದೂರು. ಇಷ್ಟೆಲ್ಲ ತಿಳಿದವರು ಕೇಂದ್ರವನ್ನು ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುತ್ತಾರೆ. ಅಣ್ಣನ ಪುಸ್ತಕ ಹೇಳುವ ಗಂಡಾಂತರದ ಹೊತ್ತು ಶುರುವಾಗುವುದೇ ಅವರು ಬೀಗ ಹಾಕಿದ ಒಂದು ಗಂಟೆಗೆ, ಭಾನುವಾರವಂತೂ ಪೂರ್ತಿ ರಜೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲಿನಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಪಕ್ಕದ ಬಾರಿನತ್ತ ಮನಸ್ಸು ಹರಿದಾಗ, ಫೋನು ಹಿಡಿದು ಇನ್ನೊಬ್ಬ ಕುಡುಕನನ್ನು ಹುಡುಕಿದನೆಂದೂ, ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಹುಟ್ಟಿದ್ದು ಆ ಭೇಟಿಯಿಂದಲೆಂದೂ ಕಥೆ ಹೇಳಿದವರು ಇದೇ ಸಮಾಲೋಚಕಿ. ಆ ಹೊತ್ತಿನಲ್ಲಿ ನಮ್ಮಣ್ಣ ಫೋನು ಮಾಡಿದರೆ ಇಲ್ಲಿ ಎತ್ತುವವರಿಲ್ಲ. ಎರಡು ಸಲ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದ್ದೇವೆ. ಅದು ಹಗಲುರಾತ್ರಿ ತೆರೆದಿರುತ್ತದೆ, ಉಚಿತ, ಕನ್ನಡದಲ್ಲಿಯೇ ಮಾತನಾಡಿದರು. ಆದರೆ ಅಣ್ಣನ ಪುಸ್ತಕ ಅವರ ಬಳಿ ಇಲ್ಲವಲ್ಲ, ಮೊದಲಿನಿಂದ ಹೇಳಬೇಕಾಗುತ್ತದೆ.

ಭೇಟಿಗೆ ಐನೂರು ರೂಪಾಯಿ, ಮುಂಗಡ ಕೇಳುವುದಿಲ್ಲ, ರಸೀದಿ ಕೊಡುತ್ತಾರೆ. ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ಕಾಯುವ ಕೋಣೆ ರಸ್ತೆಗೆ ಕಾಣುವಂತಿದ್ದದ್ದಕ್ಕೆ ನಾವು ಹೇಳಿದ ಮೇಲೆ ಪರದೆ ಹಾಕಿಸಿದರು. ವಾರಕ್ಕೆ ಎರಡು ದಿನವಾದರೂ ರಾತ್ರಿ ಎಂಟರವರೆಗೆ ತೆರೆಯಿರಿ ಎಂದು ಮೂರು ತಿಂಗಳ ಹಿಂದೆ ಬರೆದುಕೊಟ್ಟ ಮನವಿಗೆ ಇನ್ನೂ ಉತ್ತರ ಬಂದಿಲ್ಲ. ಬರುವ ಸೋಮವಾರದ ಭೇಟಿಯಲ್ಲಿ ಮತ್ತೆ ಕೇಳುತ್ತೇನೆ.